ಕಂಬಿಗೆ ಬೆನ್ನು ತೋರಿಸಿದ ಹುಡುಗ

ಮೆಕ್ಸಿಕೊ ಒಲಿಂಪಿಕ್ಸ್‌ನ ಹಳೆಯ ಚಿತ್ರಸುರುಳಿ ನೋಡಿ. ಡಿಕ್ ಫಾಸ್ಬರಿ ಹಾರುವುದಕ್ಕಿಂತ ಹೆಚ್ಚು ಹೊತ್ತು ಸುಮ್ಮನೆ ನಿಂತಿರುತ್ತಾನೆ. ಮುಷ್ಟಿ ಬಿಗಿಯುತ್ತಾನೆ, ಸಡಿಲಿಸುತ್ತಾನೆ, ನಿಂತಲ್ಲೇ ಹಿಂದಕ್ಕೂ ಮುಂದಕ್ಕೂ ತೂಗುತ್ತಾನೆ. ನೋಡುವವರಿಗೆ ಇವನು ಓಡುತ್ತಾನೋ ಇಲ್ಲವೋ ಎನ್ನುವ ಅನುಮಾನ. ಆಮೇಲೆ ಒಮ್ಮೆಲೇ ಹೊರಡುತ್ತಾನೆ. ನೇರವಾಗಿ ಅಲ್ಲ, ಬಳಸಿಕೊಂಡು. ಕಂಬಿಯ ಹತ್ತಿರ ಬಂದಾಗ ಅದಕ್ಕೆ ಬೆನ್ನು ತಿರುಗಿಸಿ, ತಲೆ ಮೊದಲಾಗಿ, ಆಕಾಶ ನೋಡುತ್ತ ಆಚೆ ಬೀಳುತ್ತಾನೆ. ಅದು 1968ರ ಅಕ್ಟೋಬರ್ 20. ಅವನಿಗೆ 21 ವರ್ಷ. ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದ. 2.22 ಮೀಟರ್‌ವರೆಗೆ ಒಂದೂ ಯತ್ನ ತಪ್ಪಲಿಲ್ಲ. 2.24 ಮೀಟರನ್ನು ಮೂರನೆಯ ಯತ್ನದಲ್ಲಿ ದಾಟಿ, ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನ ಗೆದ್ದ.

ಚಿನ್ನ ಯಾರಾದರೂ ಒಬ್ಬರು ಗೆಲ್ಲಲೇಬೇಕು, ಅದರಲ್ಲೇನೂ ಆಶ್ಚರ್ಯವಿಲ್ಲ. ನನ್ನನ್ನು ಬೆರಗುಗೊಳಿಸುವುದು ಅದಕ್ಕೂ ಐದು ವರ್ಷ ಹಿಂದಿನ ಫಾಸ್ಬರಿ. ಮೆಡ್‌ಫರ್ಡ್ ಎಂಬ ಊರಿನ ಹೈಸ್ಕೂಲಿನಲ್ಲಿ ಅವನು ಉದ್ದಕ್ಕೆ ಬೆಳೆದ, ಕೈಕಾಲು ಎಲ್ಲಿಡಬೇಕೆಂದು ತಿಳಿಯದ ಹುಡುಗ. ಆ ಕಾಲದಲ್ಲಿ ಹೈಜಂಪ್ ಎಂದರೆ ಸ್ಟ್ರಾಡಲ್. ಹೊಟ್ಟೆ ಕೆಳಗೆ ಮಾಡಿ, ಮುಖ ನೆಲದತ್ತ ಇಟ್ಟು, ಕಂಬಿಯ ಮೇಲೆ ಹೊರಳಿ ದಾಟುವ ವರಸೆ. 2.28 ಮೀಟರ್ ಹಾರಿ ವಿಶ್ವದಾಖಲೆ ಮಾಡಿದ್ದ ಸೋವಿಯತ್ ಒಕ್ಕೂಟದ ವಲೇರಿ ಬ್ರೂಮೆಲ್ ಹಾರುತ್ತಿದ್ದುದು ಹಾಗೆಯೇ. ಫಾಸ್ಬರಿಗೆ ಅದು ಒಲಿಯಲಿಲ್ಲ. ಎಷ್ಟು ಕಲಿತರೂ 5 ಅಡಿಯೇ, ಅಂದರೆ ಒಂದೂವರೆ ಮೀಟರೇ, ಕಷ್ಟವಾಗುತ್ತಿತ್ತು.

ಇಂಥ ಹುಡುಗನಿಗೆ ನಾವು ಹೇಳುವ ಮಾತು ಒಂದೇ: ಬಿಡಬೇಡ, ಮಾಡ್ತಾ ಇರು, ಬಂದೇ ಬರುತ್ತೆ. ಅವನೂ ಬಿಡಲಿಲ್ಲ, ಆದರೆ ಅದು ಬರಲೂ ಇಲ್ಲ. ಕಡೆಗೆ ಆಟ ಬಿಟ್ಟುಹೋಗುವ ಬದಲು, ಎಲ್ಲರೂ ಕೈಬಿಟ್ಟಿದ್ದ ಹಳೆಯ ಕತ್ತರಿ ಜಿಗಿತಕ್ಕೆ ಮರಳಿದ: ಕಂಬಿಯ ಮೇಲೆ ಕೂತಂತೆ ಮಾಡಿ ಒಂದರ ಹಿಂದೆ ಒಂದು ಕಾಲು ದಾಟಿಸುವುದು. ನಮ್ಮ ಹಳ್ಳಿ ಶಾಲೆಗಳ ಮರಳುಗುಂಡಿಯ ಮುಂದೆ ಮಕ್ಕಳು ಯಾರೂ ಹೇಳಿಕೊಡದೆ ಹಾರುವುದು ಇದನ್ನೇ.

1963ರಲ್ಲಿ ಗ್ರಾಂಟ್ಸ್ ಪಾಸ್ ಎಂಬ ಊರಿನಲ್ಲಿ ಒಂದು ಕೂಟ. ಅಲ್ಲಿ ಅವನು ಹಳೆಯ ವರಸೆಯಲ್ಲೇ ಹಾರಲು ನಿಂತ. ಎತ್ತರ ಏರಿದಂತೆಲ್ಲ ಪೃಷ್ಠ ಕಂಬಿಗೆ ತಾಗಿ ಅದು ಬೀಳುತ್ತಿತ್ತು. ಪೃಷ್ಠ ಎತ್ತಿದ, ಆಗ ಭುಜ ತಾನಾಗಿ ಹಿಂದಕ್ಕೆ ಹೋಯಿತು. ಮುಂದಿನ ಎತ್ತರಕ್ಕೆ ಇನ್ನಷ್ಟು ಎತ್ತಿದ, ಭುಜ ಇನ್ನಷ್ಟು ಹಿಂದಕ್ಕೆ. ಕೂತು ಹಾರುತ್ತಿದ್ದವನು ಮಧ್ಯಾಹ್ನ ಮುಗಿಯುವುದರೊಳಗೆ ಹೆಚ್ಚುಕಮ್ಮಿ ಅಂಗಾತ ಮಲಗಿ ಹಾರುತ್ತಿದ್ದ. ಒಂದೇ ದಿನದಲ್ಲಿ ಅರ್ಧ ಅಡಿ ಮೇಲೇರಿ 5 ಅಡಿ 10 ಅಂಗುಲ ದಾಟಿದ! ಸುತ್ತಲಿನ ಕೋಚ್‌ಗಳು ನಿಯಮದ ಪುಸ್ತಕ ತೆಗೆದರು. ಒಂದೇ ಕಾಲಿನಿಂದ ಚಿಮ್ಮಬೇಕು ಅಂತಿತ್ತೇ ಹೊರತು, ಮುಖ ಎತ್ತ ಇರಬೇಕು ಎಂದು ಅಲ್ಲಿ ಬರೆದಿರಲಿಲ್ಲ.

ಅವನು ಏನೋ ಹೊಸತು ಕಂಡುಹಿಡಿಯಲು ಹೊರಟವನಲ್ಲ. ತಂಡದಲ್ಲಿ ಉಳಿದುಕೊಂಡರೆ ಸಾಕಿತ್ತು. ಸ್ಟ್ರಾಡಲ್ ಚೆನ್ನಾಗಿ ಬರುತ್ತಿದ್ದವರಿಗೆ ಹೊಸ ದಾರಿಯ ಹಂಗಿರಲಿಲ್ಲ; ಬ್ರೂಮೆಲ್ ಯಾಕೆ ಹುಡುಕಿಯಾನು? ಬಾರದವನೇ ಹುಡುಕಬೇಕಾಯಿತು. ಪ್ರತಿಭೆಯಷ್ಟೇ ಪ್ರತಿಭೆಯ ಕೊರತೆಯೂ ಫಲ ಕೊಟ್ಟೀತು ಎಂದರೆ ಕೋಚ್‌ಗಳು ಒಪ್ಪಲಾರರು. ಆದರೆ ಇಲ್ಲಿ ನಡೆದದ್ದು ಅದೇ.

ಒಂದು ಮಧ್ಯಾಹ್ನದಲ್ಲಿ ಸಿಕ್ಕಿದ್ದನ್ನು ಪಳಗಿಸಲು ವರ್ಷಗಳೇ ಬೇಕಾದವು. ಊರಿನ ಪತ್ರಿಕೆ ಅವನ ಜಿಗಿತವನ್ನು ದೋಣಿಯೊಳಗೆ ಬಿದ್ದು ಒದ್ದಾಡುವ ಮೀನಿಗೆ ಹೋಲಿಸಿತು. ಕಾಲೇಜಿಗೆ ಸೇರಿದಾಗ ಕೋಚ್ ಬರ್ನಿ ವ್ಯಾಗ್ನರ್, ಇವನನ್ನು ಸರಿದಾರಿಗೆ ತರೋಣ ಎಂದು, ಅಭ್ಯಾಸದಲ್ಲಿ ಸ್ಟ್ರಾಡಲ್ ಮಾಡಿಸಿದರು. ಸ್ಪರ್ಧೆಯಲ್ಲಿ ಮಾತ್ರ ಅವನಿಷ್ಟಕ್ಕೆ ಬಿಟ್ಟರು. ಒಗ್ಗದ್ದನ್ನೂ ಒಗ್ಗಿದ್ದನ್ನೂ ಹೀಗೆ ಜೊತೆಜೊತೆಗೇ ಕಲಿಯುವ ದುಡಿಮೆ ಎಂಥದ್ದಿರಬೇಕು! ಎರಡನೆಯ ವರ್ಷ ಅವನು 6 ಅಡಿ 10 ಅಂಗುಲ ಹಾರಿ ಕಾಲೇಜಿನ ದಾಖಲೆ ಮುರಿದ. ವ್ಯಾಗ್ನರ್ ಆಮೇಲೆ ತಿದ್ದುವ ಆಸೆ ಬಿಟ್ಟು, ಅವನ ಜಿಗಿತವನ್ನು ಚಿತ್ರೀಕರಿಸಿ ನೋಡಲು ಕೂತರು. 1968ರಲ್ಲಿ ಅಮೆರಿಕದ ಅಂತರಕಾಲೇಜು ಚಾಂಪಿಯನ್ ಪಟ್ಟವೂ ಬಂತು.

ಆ ಜಿಗಿತದ ಒಳಗುಟ್ಟು ಈಗಲೂ ನನ್ನನ್ನು ಬಿಡದು. ಬೆನ್ನು ಬಿಲ್ಲಿನಂತೆ ಬಾಗಿದಾಗ ಕಂಬಿಗಿಂತ ಮೇಲಿರುವುದು ಆ ಕ್ಷಣಕ್ಕೆ ದಾಟುತ್ತಿರುವ ಭಾಗವಷ್ಟೇ. ಮೊದಲು ತಲೆ, ಆಮೇಲೆ ಭುಜ, ಸೊಂಟ, ಕೊನೆಗೆ ಕಾಲು. ಉಳಿದದ್ದೆಲ್ಲ ಈಚೆಗೋ ಆಚೆಗೋ ಇಳಿಬಿದ್ದಿರುತ್ತದೆ. ಹೀಗಾಗಿ ಮೈಯ ಗುರುತ್ವಕೇಂದ್ರ ಕಂಬಿಯ ಕೆಳಗಿನಿಂದಲೇ ಹಾದುಹೋಗಬಹುದು. ಇಡೀ ಮನುಷ್ಯ ಮೇಲಿನಿಂದ ಹೋಗುತ್ತಾನೆ, ಅವನ ಭಾರದ ನಡುಬಿಂದು ಕೆಳಗಿನಿಂದ! ಬಾಗಿ ಬರುವ ಓಟಕ್ಕೂ ಲೆಕ್ಕವಿದೆ: ಒಳಕ್ಕೆ ವಾಲಿದ ಮೈ ಚಿಮ್ಮುವಾಗ ನೆಟ್ಟಗಾಗುತ್ತ ತಿರುಗುವ ಬಲ ಪಡೆಯುತ್ತದೆ. ಇದನ್ನೆಲ್ಲ ವಿಜ್ಞಾನಿಗಳು ವಿವರಿಸಿದ್ದು ಆಮೇಲೆ. ಹದಿನಾರರ ಹುಡುಗನ ಸೊಂಟಕ್ಕೆ ಅದು ಮೊದಲೇ ಗೊತ್ತಾಗಿತ್ತು.

ಪೂರ್ತಿ ಅವನ ದುಡಿಮೆಯೇ ಎಂದರೂ ತಪ್ಪಾದೀತು. ಅವನ ಶಾಲೆಯವರು ಆ ಹೊತ್ತಿಗೆ ಮರದ ಚಕ್ಕೆಗಳ ಗುಂಡಿ ತೆಗೆಸಿ ಮೆತ್ತನೆಯದನ್ನು ಹಾಕಿಸಿದ್ದರು. ಇಲ್ಲದಿದ್ದರೆ ಎರಡು ಮೀಟರ್ ಎತ್ತರದಿಂದ ಕತ್ತು, ಬೆನ್ನಿನ ಮೇಲೆ ಬೀಳುವ ಧೈರ್ಯ ಯಾರಿಗಿದ್ದೀತು? ಮರಳಿನ ಗುಂಡಿಯಿರುವ ನಮ್ಮ ಶಾಲೆಗಳಲ್ಲಿ ಮಕ್ಕಳು ಕಾಲಿನ ಮೇಲೇ ಇಳಿಯುತ್ತಾರಲ್ಲ, ಅದು ಅಜ್ಞಾನವಲ್ಲ, ವಿವೇಕ. ಫೋಮ್ ಹಾಸಿಗೆ ಕೊಡದೆ ತಂತ್ರ ಬರುವುದಿಲ್ಲವೆಂದು ಬಯ್ಯುವವರ ಮೇಲೆ ನನಗೆ ಸಿಟ್ಟಿದೆ. ಹಾಸಿಗೆ ಸಿಕ್ಕರೆ ನಮ್ಮವರಿಗೂ ತಂತ್ರ ಬರುತ್ತದೆ. 2012ರಲ್ಲಿ 1.92 ಮೀಟರ್ ಹಾರಿ ರಾಷ್ಟ್ರೀಯ ದಾಖಲೆಯೊಂದಿಗೆ ಲಂಡನ್ ಒಲಿಂಪಿಕ್ಸ್‌ಗೆ ಹೋದ ನಮ್ಮ ಕರ್ನಾಟಕದ ಸಹನಾ ಕುಮಾರಿ, ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತ 2018 ಮತ್ತು 2022ರಲ್ಲಿ ಅಲ್ಲಿನ ಅಂತರಕಾಲೇಜು ಚಾಂಪಿಯನ್ ಆದ ತೇಜಸ್ವಿನ್ ಶಂಕರ್, ಇಬ್ಬರೂ ಕಂಬಿಗೆ ಬೆನ್ನು ತೋರಿಸಿಯೇ ಹಾರಿದವರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ತೇಜಸ್ವಿನ್‌ಗೆ ಕಂಚು ತಂದದ್ದು 2.22 ಮೀಟರ್. ಮೆಕ್ಸಿಕೊದಲ್ಲಿ ಅಷ್ಟೇ ಎತ್ತರಕ್ಕೆ ಬೆಳ್ಳಿ ಸಿಕ್ಕಿತ್ತು.

ಫಾಸ್ಬರಿ ವಿಶ್ವದಾಖಲೆ ಮಾಡಲೇ ಇಲ್ಲ. ಮೆಕ್ಸಿಕೊದಲ್ಲಿ 2.29ಕ್ಕೆ ಮೂರು ಸಲ ಯತ್ನಿಸಿ ಸೋತ. 1972ರ ಮ್ಯೂನಿಕ್‌ಗೆ ಆಯ್ಕೆಯೇ ಆಗಲಿಲ್ಲ. ಅಲ್ಲಿ ಚಿನ್ನ ಗೆದ್ದ ಯೂರಿ ಟಾರ್ಮಾಕ್ ಸ್ಟ್ರಾಡಲ್‌ನವನು. ಆದರೆ ಅಷ್ಟರಲ್ಲಿ ಸ್ಪರ್ಧಿಗಳಲ್ಲಿ ಬಹುಪಾಲು ಜನ ಬೆನ್ನು ತಿರುಗಿಸಿಯಾಗಿತ್ತು. ಫಾಸ್ಬರಿ ಎಂಜಿನಿಯರಾಗಿ ಐಡಹೊ ರಾಜ್ಯದಲ್ಲಿ ನೆಲೆಸಿ, 2023ರ ಮಾರ್ಚ್‌ನಲ್ಲಿ ತೀರಿಕೊಂಡ.

ಇನ್ನೊಂದು ಸಂಗತಿಯಿದೆ. 1960ರ ದಶಕದಲ್ಲೇ ಕೆನಡಾದಲ್ಲಿ ಡೆಬಿ ಬ್ರಿಲ್ ಎಂಬ ಹುಡುಗಿ ಫಾಸ್ಬರಿಯ ಸುದ್ದಿಯೇ ತಿಳಿಯದೆ ಬೆನ್ನು ಹಿಂದೆ ಮಾಡಿ ಹಾರುವುದನ್ನು ತಾನೇ ಕಲಿತಿದ್ದಳು. ಅವಳಿಗೂ ಬೀಳಲು ಮೆತ್ತನೆಯ ಜಾಗವಿತ್ತು. ಹೊಲದಲ್ಲಿ ಅಪ್ಪ ಫೋಮ್ ತುಂಡು ತುಂಬಿ ಮಾಡಿಕೊಟ್ಟದ್ದು. 1970ರಲ್ಲಿ ಕಾಮನ್‌ವೆಲ್ತ್ ಚಿನ್ನ ಗೆದ್ದಳು. ಗಡಿಯ ಆಚೆಗೊಬ್ಬ, ಈಚೆಗೊಬ್ಬಳು, ಒಬ್ಬರನ್ನೊಬ್ಬರು ಕಾಣದೆ ಒಂದೇ ವರಸೆಗೆ ಬಂದರು ಎಂದರೆ, ಮನುಷ್ಯರ ಮೈಯಲ್ಲಿ ಇನ್ನೂ ಯಾವ ಯಾವ ಜಿಗಿತಗಳು ಮೆತ್ತನೆಯ ಜಾಗಕ್ಕಾಗಿ ಕಾದಿವೆಯೋ!