ಆರನೆಯ ದಿನದ ಹಾಜರಿ

ಶಿಕ್ಷಕ ತರಬೇತಿಯ ಅರ್ಹತಾಪತ್ರವನ್ನು ಕೈಯಲ್ಲಿ ಹಿಡಿದು ಮೊದಲ ಬಾರಿಗೆ ಶಾಲೆಯ ಮೆಟ್ಟಿಲೇರಿದ ತರುಣನಿಗೆ ಅಲ್ಲಿಯ ಹಿರಿಯರಿಂದ ದೊರೆಯುವ ಉಪದೇಶ ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಓದಿದ್ದೆಲ್ಲ ಅಲ್ಲಿಗಾಯಿತು. ಇನ್ನು ಹೊಂದಿಕೊಂಡು ಹೋಗುವುದನ್ನು ಕಲಿಯಿರಿ." ನಮಗೂ ಅದೇ ದೊರೆಯಿತು. ಹೇಳಿದವರು ಕೆಟ್ಟವರಲ್ಲ, ಮಕ್ಕಳಿಗೆ ಅಕ್ಷರ ಕಲಿಸುವುದರಲ್ಲಿಯೇ ಆಯುಷ್ಯವನ್ನು ಸವೆಸಿದ ಸಜ್ಜನರು. ಆದರೆ ಯಾವುದಕ್ಕೆ ಹೊಂದಿಕೊಳ್ಳಬೇಕು, ಎಲ್ಲಿಯ ತನಕ ಹೊಂದಿಕೊಳ್ಳಬೇಕು ಎಂಬುದನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಂದು ಕೇಳದೆ ಉಳಿದ ಪ್ರಶ್ನೆಯನ್ನು ತರಬೇತಿ ಮುಗಿಸಿ ಹೊರಬರಲಿರುವ ಕಿರಿಯ ಮಿತ್ರರ ಮುಂದೆ ಇಂದು ಇಡಬೇಕೆನಿಸಿದೆ.

ತರಬೇತಿಯಲ್ಲಿ ನಾವು ಕಲಿತದ್ದು ಕಡಮೆಯೇನಲ್ಲ. ಪೆಸ್ಟಲಾಜಿಯಿಂದ ಹಿಡಿದು 1937ರ ವಾರ್ಧಾ ಸಮ್ಮೇಳನದ ಮೂಲಶಿಕ್ಷಣದವರೆಗೆ ಓದಿದೆವು. ಉದ್ದೇಶ, ಪೀಠಿಕೆ, ನಿರೂಪಣೆ, ಪುನರಾವರ್ತನೆ ಎಂದು ಗೆರೆ ಎಳೆದು ಪಾಠಯೋಜನೆ ಬರೆದೆವು. ಅಭ್ಯಾಸ ಪಾಠದ ದಿನ ಮಕ್ಕಳು ಕದಲದೆ ಕುಳಿತು ಕೇಳುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ಕುಳಿತಿರುತ್ತಿದ್ದರೆಂಬುದು ಬೇರೆ ಮಾತು.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ಆ ಯೋಜನೆ ಮುರಿದುಬಿತ್ತು. ಹಲಸಿನ ಹಣ್ಣಿನ ಚಿತ್ರವನ್ನು ತೂಗುಹಾಕಿ "ಇದೇನು?" ಎಂದು ಕೇಳಿದೆವು. "ಪೆಲಕಾಯಿ" ಎಂದಿತು ಒಂದು ಮಗು. "ಚಕ್ಕ" ಎಂದಿತು ಇನ್ನೊಂದು. ನಮ್ಮ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಟಿ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಕನ್ನಡವನ್ನು ಮನೆಯಿಂದ ತರುವವರು ಕೆಲವರು, ಶಾಲೆಯಲ್ಲಿ ಪಡೆಯುವವರು ಹಲವರು. ನಾವು ಬರೆದಿಟ್ಟುಕೊಂಡ ಉತ್ತರ ಬಾರದಿದ್ದಾಗ ಮೊದಲು ಸಿಟ್ಟು ಬಂತು, ಬಳಿಕ ನಾಚಿಕೆಯಾಯಿತು. ಕೊನೆಗೆ ಕಪ್ಪುಹಲಗೆಯ ಮೇಲೆ ಮೂರು ಮಾತುಗಳನ್ನೂ ಸಾಲಾಗಿ ಬರೆದೆವು. ಅಂದಿನ ಪಾಠ ಯೋಜನೆಯಂತೆ ನಡೆಯಲಿಲ್ಲ. ಆದರೆ ಮಕ್ಕಳು 'ಹಲಸು' ಎಂಬುದನ್ನು ಮರೆಯಲಿಲ್ಲ. ಹೀಗೆ ಹೊಂದಿಕೊಂಡುದರಲ್ಲಿ ನಾವು ಕಳೆದುಕೊಂಡದ್ದು ನಮ್ಮ ಹಮ್ಮನ್ನು ಮಾತ್ರ. ಇದೇ ಹೊಂದಾಣಿಕೆಯಾಗಿದ್ದರೆ ಹಿರಿಯರ ಮಾತು ಚಿನ್ನದಂಥದು, ಈ ಲೇಖನವೂ ಬೇಕಾಗುತ್ತಿರಲಿಲ್ಲ.

ಎರಡನೆಯದು ಬೇರೆ ಬಗೆಯದು. ಕೇರಳ ರಾಜ್ಯದಲ್ಲಿ ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಆರನೆಯ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ. ಆ ಲೆಕ್ಕದಿಂದ ವಿಭಾಗಗಳು, ವಿಭಾಗಗಳಿಂದ ಶಿಕ್ಷಕರ ಹುದ್ದೆಗಳು ನಿರ್ಣಯವಾಗುತ್ತವೆ. ಒಂದು ಮಗು ಕಡಮೆಯಾದರೆ ಒಂದು ವಿಭಾಗವೇ ಹೋಗಬಹುದು. ನಾವು ಸೇರಿದ ಶಾಲೆಯಲ್ಲಿ ಆ ವರುಷ ಕಡಮೆಯಾದದ್ದು ಸರಿಯಾಗಿ ಒಂದು. ಹುಡುಗಿಯೊಬ್ಬಳನ್ನು ತಂದೆತಾಯಿಗಳು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಕಳುಹಿಸತೊಡಗಿದ್ದರು, ಟಿ.ಸಿ. ಮಾತ್ರ ಇನ್ನೂ ಒಯ್ದಿರಲಿಲ್ಲ. "ಹೆಸರು ಪಟ್ಟಿಯಲ್ಲಿದೆ. ಇಂದೊಂದು ದಿನ ಹಾಜರಿ ಹಾಕಿಬಿಡಿ," ಎಂದರು ಹಿರಿಯರು. ಹಾಕದಿದ್ದರೆ ಹೋಗಬೇಕಾದವರು ಕೊನೆಗೆ ಸೇರಿದವರು, ಎಂದರೆ ನಾವು.

ಹಾಕಿದೆವು.

ಹೆಸರು ಕೂಗುವಾಗ ಅವಳ ಹೆಸರನ್ನು ಬಿಟ್ಟು ಮುಂದಿನದಕ್ಕೆ ಹೋದೆವು. ಮಕ್ಕಳಿಗೆ ಪಟ್ಟಿಯ ಕ್ರಮ ಬಾಯಿಪಾಠವಾಗಿರುತ್ತದೆಂಬುದು ಹೊಸಬರಾದ ನಮಗೆ ತಿಳಿದಿರಲಿಲ್ಲ. ಹುಡುಗನೊಬ್ಬ ಎದ್ದುನಿಂತು, "ಮಾಷ್ಟ್ರೇ, ಒಂದು ಹೆಸರು ಬಿಟ್ಟುಹೋಯಿತು," ಎಂದ. "ಇಲ್ಲ, ಕೂತುಕೋ," ಎಂದೆವು. ಮಧ್ಯಾಹ್ನದ ಊಟದ ಲೆಕ್ಕದಲ್ಲಿಯೂ ಅವಳ ಪಾಲಿನ 100 ಗ್ರಾಂ ಅಕ್ಕಿಯನ್ನು ಖರ್ಚು ತೋರಿಸಬೇಕಾಯಿತು. ಹಾಜರಿಗೂ ಅನ್ನಕ್ಕೂ ತಾಳೆಯಾಗಬೇಕಲ್ಲ! ಪುಸ್ತಕದಲ್ಲಿ ಉಂಡ ಅಕ್ಕಿ ಗೋಣಿಯಲ್ಲಿಯೇ ಉಳಿಯಿತು. ಇಂದು ಮಕ್ಕಳ ಹೆಸರಿನೊಡನೆ ಆಧಾರ್ ಸಂಖ್ಯೆಯೂ ಕೂಡಿಕೊಂಡಿರುವುದರಿಂದ ಇಂಥದು ಹಿಂದಿನಷ್ಟು ಸುಲಭವಲ್ಲ. ಆದರೆ ದಾರಿ ಕಷ್ಟವಾದ ಮಾತ್ರಕ್ಕೆ ಪ್ರಶ್ನೆ ಇಲ್ಲವಾಗುವುದಿಲ್ಲ.

ಅಂದು ನಮಗೆ ನಾವೇ ಹೇಳಿಕೊಂಡ ಸಮಾಧಾನವನ್ನೂ ಇಲ್ಲಿ ಹೇಳಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಂದೀಚೆಗೆ ಇಲ್ಲಿಯ ಕನ್ನಡಿಗರಿಗೆ ಒಂದೊಂದು ಕನ್ನಡ ವಿಭಾಗವೂ ಒಂದೊಂದು ದೀಪವಿದ್ದಂತೆ. ಹೋದ ವಿಭಾಗ ಮರಳಿ ಬರುವುದು ದುರ್ಲಭ. ಆದುದರಿಂದ ಇದು ಸುಳ್ಳಲ್ಲ, ಭಾಷೆಯ ಸೇವೆ ಎಂದುಕೊಂಡೆವು. ಈ ವಾದದಲ್ಲಿ ಸತ್ಯಾಂಶವಿಲ್ಲವೆಂದು ಈಗಲೂ ನಾವು ಹೇಳೆವು. ಆದರೆ ಕನ್ನಡದ ಹೆಸರು ಹೇಳಿಕೊಂಡ ಮೇಲೆ ನಮ್ಮ ಸಂಬಳದ ಹೆಸರು ಹೇಳುವ ಅಗತ್ಯವೇ ಬೀಳಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ನಮಗೆ ವರ್ಷಗಳೇ ಬೇಕಾದವು.

ಜರ್ಮನಿಯ ತತ್ತ್ವಜ್ಞ ಕಾಂಟನು 1797ರಲ್ಲಿ ಬರೆದ ಒಂದು ಲೇಖನದಲ್ಲಿ, ಸ್ನೇಹಿತನನ್ನು ಕೊಲ್ಲಲು ಹುಡುಕಿಕೊಂಡು ಬಂದವನಿಗೂ ಸುಳ್ಳು ಹೇಳಕೂಡದೆಂದು ವಾದಿಸಿದ್ದಾನೆ. ಅಷ್ಟು ಕಾಠಿಣ್ಯ ನಮಗೆ ಒಪ್ಪಿಗೆಯಾಗದು. ನಮಗೆ ಹತ್ತಿರವಾದವನು ಧರ್ಮರಾಯ. ದ್ರೋಣರ ವಧೆಗಾಗಿ ಅರ್ಧ ಸತ್ಯವನ್ನು ಆಡಿದೊಡನೆ, ಅದುವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲೆ ಚಲಿಸುತ್ತಿದ್ದ ಅವನ ರಥ ನೆಲವನ್ನು ಮುಟ್ಟಿತಂತೆ. ಹೊಸ ಶಿಕ್ಷಕನಿಗೆ "ನೆಲಕ್ಕಿಳಿದು ಬಾ" ಎಂದು ಬುದ್ಧಿ ಹೇಳುವಾಗಲೆಲ್ಲ ನಮಗೆ ಈ ರಥದ ನೆನಪಾಗುತ್ತದೆ. ಹಲಸಿನ ಪಾಠದ ದಿನವೂ ನಾವು ನೆಲಕ್ಕಿಳಿದೆವು, ಆರನೆಯ ದಿನವೂ ಇಳಿದೆವು. ಎರಡಕ್ಕೂ ಸಂದದ್ದು ಒಂದೇ ಹೊಗಳಿಕೆ: "ಪರವಾಗಿಲ್ಲ, ಹೊಂದಿಕೊಂಡಿರಿ." ಕಷ್ಟವಿರುವುದು ಇಲ್ಲಿಯೇ. ಒಳಗಿನಿಂದ ನೋಡಿದರೆ ಎರಡೂ ಒಂದೇ ತೆರನಾಗಿ ತೋರುತ್ತವೆ. ಎರಡರಲ್ಲೂ ಪುಸ್ತಕದ ಮಾತನ್ನು ಬಿಟ್ಟಿದ್ದೇವೆ, ಎರಡರಲ್ಲೂ ಮೊದಲು ಅಳುಕು, ಬಳಿಕ ಹಗುರ. ಮೊದಲನೆಯದನ್ನು ಮಕ್ಕಳ ಎದುರಿಗೇ ಮಾಡಿದೆವು, ಎರಡನೆಯದನ್ನು ಮಕ್ಕಳಿಂದ ಮರೆಮಾಡಿದೆವು. ನಮಗೆ ಕಾಣುವ ಭೇದ ಇಷ್ಟೆ. ಇದು ಎಲ್ಲ ಸಂದರ್ಭಗಳಿಗೂ ಸಾಲುವ ಅಳತೆಗೋಲೇ ಎಂದು ಕೇಳಿದರೆ ಸಾಲುತ್ತದೆಂದು ಹೇಳುವ ಧೈರ್ಯ ನಮಗಿಲ್ಲ.

ಎರಡು ವರ್ಷಗಳ ಹಿಂದೆ ಮತ್ತೆ ಅಂಥದೇ ಜೂನ್ ತಿಂಗಳು ಬಂತು. ಈ ಸಲ ಶಾಲೆ ಬೇರೆ, ಹಿರಿಯರ ಸ್ಥಾನದಲ್ಲಿ ನಾವು. ದಿನಗೂಲಿಯ ಮೇಲೆ ಹೊಸದಾಗಿ ಬಂದಿದ್ದ ಶಿಕ್ಷಕಿಯೊಬ್ಬರು ಹಾಜರಿ ಪುಸ್ತಕವನ್ನು ಮುಂದಿಟ್ಟು, "ಬಾರದ ಒಂದು ಮಗುವಿಗೆ ಏನು ಹಾಕಲಿ, ಸಾರ್?" ಎಂದು ಕೇಳಿದರು. "ಇದ್ದುದನ್ನೇ ಹಾಕಿ," ಎಂದೆವು. ಹಾಕಿದರು. ಆ ವಿಭಾಗ ಹೋಯಿತು. ಜುಲಾಯಿಯಲ್ಲಿ ಅವರೂ ಹೋದರು.

ಕಳೆದ ದಸರಾ ರಜೆಯಲ್ಲಿ ಬಸ್ ನಿಲ್ದಾಣದಲ್ಲಿ ಅವರು ಎದುರಾದರು. ಈಗ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾರಂತೆ. "ಶಾಲೆ ಹೇಗಿದೆ ಸಾರ್, ಮಕ್ಕಳು ಕೇಳುತ್ತಾರೆಯೇ ನನ್ನನ್ನು?" ಎಂದು ವಿಚಾರಿಸಿದರು. ಕೇಳುತ್ತಾರೆ ಎಂದೆವು; ಅದು ನಿಜವೇ ಆಗಿತ್ತು. ಅಂದು ನಾವು ಹೇಳಿದ್ದು ಸರಿಯಾಗಿತ್ತೆಂದು ಅವರ ಮುಂದೆ ಹೇಳಲು ಮಾತ್ರ ನಮಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು.