ಕೊಳಗ ಯಾರ ಕೈಲಿದೆ

ನಮ್ಮಪ್ಪ ಮಂಡಿಯಲ್ಲಿ ಹಮಾಲಿ. ಮೂಟೆ ಹೊತ್ತು ಲಾರಿಗೆ ಏರಿಸೋದು, ಲಾರಿಯಿಂದ ಇಳಿಸೋದು, ಮೂವತ್ತು ವರ್ಷದಿಂದ ಅವನ ಕೆಲಸ ಇಷ್ಟೆ. ಮನೆಯಲ್ಲಿ ಮೊದಲು ಪದವಿ ಪಡೆದ ನಾವು ಒಂದು ಸಂಜೆ ಅವನಿಗೆ ಸುದ್ದಿ ಓದಿ ಹೇಳಿದೆವು: ಸರಕು ಸಾಗಣೆಯಲ್ಲಿ ನಮ್ಮ ದೇಶ 2018ರಲ್ಲಿ 44ನೆಯದಾಗಿತ್ತು, 2023ರಲ್ಲಿ 38ಕ್ಕೆ ಬಂದಿದೆ, ಒಟ್ಟು 139 ದೇಶಗಳ ಪಟ್ಟಿ. ಅಪ್ಪ ಬೀಡಿ ಆರಿಸಿ ಒಂದೇ ಮಾತು ಕೇಳಿದ: "ಯಾರ್ನ ಕೇಳಿ ಬರ್ಕಂಡ್ರಲಾ ಇದ್ನ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಓದು ಬರದ ಅಪ್ಪನ ಪ್ರಶ್ನೆ ಓದಿದ ನಮಗೆ ಹೊಳೆದಿರಲಿಲ್ಲ ಎಂಬ ನಾಚಿಕೆಯಿಂದಲೇ ಹುಡುಕಲು ಕೂತೆವು. ಗೆಳೆಯರೆ, ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಈ ಪಟ್ಟಿ ಮಾಡುವವರು ವಿಶ್ವಬ್ಯಾಂಕಿನವರು. 2007ರಲ್ಲಿ ಶುರುಮಾಡಿದರು. ಆಮೇಲೆ 2010, 2012, 2014, 2016, 2018, ಕೊನೆಗೆ 2023ರಲ್ಲಿ ಬಂತು. ಇವರು ದೇಶಗಳನ್ನು ಅಳೆಯುವುದು ಆರು ಬಗೆಯಲ್ಲಿ. ಸುಂಕದ ಕಟ್ಟೆಯಲ್ಲಿ ಸರಕು ಸಲೀಸಾಗಿ ದಾಟುತ್ತದೆಯೆ? ಬಂದರು, ರಸ್ತೆ, ರೈಲು ಹೇಗಿವೆ? ಎಟಕುವ ದರಕ್ಕೆ ಹಡಗು ಗೊತ್ತುಮಾಡಲು ಆಗುತ್ತದೆಯೆ? ಸಾಗಣೆ ನಡೆಸುವ ಕಂಪನಿಗಳು ಕಸುಬು ಬಲ್ಲವೆ? ದಾರಿಯಲ್ಲಿರುವ ಸರಕು ಎಲ್ಲಿದೆ ಎಂದು ಪತ್ತೆಹಚ್ಚಬಹುದೆ? ಹೇಳಿದ ಹೊತ್ತಿಗೆ ತಲಪುತ್ತದೆಯೆ? ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಆರನ್ನೂ ಸಂಖ್ಯಾಶಾಸ್ತ್ರದ ಲೆಕ್ಕದಿಂದ ಬೆಸೆದು ಒಂದು ದೇಶಕ್ಕೆ ಒಂದು ಅಂಕ ಕೊಡುತ್ತಾರೆ. 2023ರಲ್ಲಿ ಸಿಂಗಪುರಕ್ಕೆ 4.3 ಬಂದು ಅದು ಮೊದಲಾಯಿತು. ಭಾರತಕ್ಕೆ 3.4. ತಳದಲ್ಲಿ ನಿಂತ ಆಫ್ಘಾನಿಸ್ತಾನಕ್ಕೂ ಲಿಬಿಯಾಕ್ಕೂ 1.9.

ಇನ್ನು ಅಪ್ಪನ ಪ್ರಶ್ನೆ. 2023ರ ಪಟ್ಟಿಗೆ ಉತ್ತರ ಕೊಟ್ಟವರು 115 ದೇಶಗಳ 652 ಜನ. ಇವರೆಲ್ಲ ಸಾಗಣೆಯ ಕಂಪನಿಗಳಲ್ಲಿ, ಅವಸರದ ಪಾರ್ಸೆಲ್ ಕಂಪನಿಗಳಲ್ಲಿ ಕೂತು ಸರಕನ್ನು ಗಡಿ ದಾಟಿಸುವ ಕಸುಬುದಾರರು. ಅವರು ತಮ್ಮ ದೇಶಕ್ಕೆ ಅಂಕ ಕೊಡುವ ಹಾಗಿಲ್ಲ, ತಾವು ವ್ಯವಹಾರ ಮಾಡುವ ಎಂಟು ಪರದೇಶಗಳಿಗೆ ಕೊಡಬೇಕು. ಇದರಲ್ಲಿ ನ್ಯಾಯವಿದೆ, ತನ್ನ ಮನೆ ಗಲೀಜು ಅಂತ ಯಾರು ತಾನೇ ಬರೆದುಕೊಡುತ್ತಾರೆ? ಆದರೆ ಮೂಟೆ ಹೊರುವವನನ್ನು ಕೇಳಿಲ್ಲ. ಗಡಿಯಲ್ಲಿ ರಾತ್ರಿಯೆಲ್ಲ ಕಾಯುವ ಲಾರಿ ಡ್ರೈವರನನ್ನು ಕೇಳಿಲ್ಲ. ಹಡಗಿನ ಹೊಟ್ಟೆಯಲ್ಲಿ ಎಂಜಿನ್ ನೋಡಿಕೊಳ್ಳುವವನನ್ನು ಕೇಳಿಲ್ಲ. ಸರಕು ಬೆಳೆದವನನ್ನೂ ಕೇಳಿಲ್ಲ.

ನಮ್ಮಜ್ಜಿ ಹೇಳುತ್ತಿದ್ದಳು. ಕಾಲ ಹಿಂದೆ ಊರ ಸಾಹುಕಾರನ ಮನೆಯಲ್ಲಿ ಎರಡು ಕೊಳಗ ಇದ್ದವಂತೆ. ಸಾಲದ ರಾಗಿ ಕೊಡುವಾಗ ಒಂದು, ಸುಗ್ಗಿಯಲ್ಲಿ ವಾಪಸು ಅಳೆದುಕೊಳ್ಳುವಾಗ ಇನ್ನೊಂದು. ಎರಡಕ್ಕೂ ಹೆಸರು ಕೊಳಗವೇ. ಜನಕ್ಕೆ ಮೋಸ ಗೊತ್ತಿತ್ತು, ಆದರೆ ಕೊಳಗ ಅವರ ಕೈಲಿರಲಿಲ್ಲ. ವಿಶ್ವಬ್ಯಾಂಕಿನವರ ಹತ್ತಿರ ಎರಡು ಕೊಳಗ ಇದೆ ಎಂದು ನಾವು ಹೇಳುತ್ತಿಲ್ಲ. ಅವರು ಯಾರನ್ನು ಕೇಳಿದೆವು, ಹೇಗೆ ಲೆಕ್ಕ ಹಾಕಿದೆವು ಎಂದು ಬಿಚ್ಚಿಯೇ ಬರೆದಿದ್ದಾರೆ. ನಮ್ಮ ತಕರಾರು ಬೇರೆ. ಒಂದೇ ಕೊಳಗ, ನ್ಯಾಯವಾದ ಕೊಳಗವೇ ಇರಲಿ, ಅದು ಸದಾ ಒಬ್ಬನ ಕೈಲೇ ಇದ್ದರೆ ಆ ಅಳತೆ ಎಷ್ಟರಮಟ್ಟಿಗೆ ನ್ಯಾಯ?

ಹಾಗಾದರೆ ಅಳತೆಯೇ ಬೇಡವೆ? ನಮ್ಮ ಕೆಲವು ಗೆಳೆಯರು ಹಾಗೇ ಅನ್ನುತ್ತಾರೆ. ಇದೆಲ್ಲ ಬಂಡವಾಳಶಾಹಿಗಳ ಆಟ, ಹರಿದು ಬಿಸಾಕಿ ಅಂತ. ನಾವು ಒಪ್ಪುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಕಟ್ಟೆಯಲ್ಲಿ ಗಾಡಿ ನಿಲ್ಲಿಸಿಕೊಂಡವನ ಎದುರು ಬಡವನ ಗೋಳು ನಡೆದದ್ದಿಲ್ಲ. ಗಡಿಯಲ್ಲಿ ಲಾರಿ ಮೂರು ದಿನ ನಿಂತರೆ ಒಳಗಿನ ಈರುಳ್ಳಿ ಕೊಳೆಯುತ್ತದೆ. ಆ ನಷ್ಟವನ್ನು ವ್ಯಾಪಾರಿ ಮುಂದಿನ ಸಲ ಬೆಳೆದವನ ದರದಲ್ಲಿ ಮುರಿದುಕೊಳ್ಳುತ್ತಾನೆ. ಯಾವ ಕಟ್ಟೆಯಲ್ಲಿ ಎಷ್ಟು ಹೊತ್ತು ಹಿಡಿಯಿತು ಎಂದು ಯಾರೋ ಬರೆದಿಟ್ಟರೆ ಮಾತ್ರ ಅದನ್ನು ಹಿಡಿದು ಪ್ರಶ್ನೆ ಕೇಳಬಹುದು. ಅಳತೆ ಇಲ್ಲದ ಕಡೆ ಬಲ ಇದ್ದವನ ಬಾಯಿಮಾತೇ ಅಳತೆಯಾಗುತ್ತದೆ. ಅದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಆದ್ದರಿಂದ ನಾವು ಕೇಳಬೇಕಾದ್ದು ಅಳತೆಯ ಒಳಗಿನ ನೀತಿಯನ್ನು. ಮೊದಲನೆಯದು, ಒಬ್ಬನ ಕೈಲಿಲ್ಲದ ಸಂಗತಿಗೆ ಅವನಿಗೆ ಅಂಕ ಕಳೆಯಬಹುದೆ?

ನೇಪಾಳವನ್ನು ನೋಡಿ. ಅದಕ್ಕೆ ಸಮುದ್ರ ಇಲ್ಲ. ಹಡಗಿನ ಸರಕು ನಮ್ಮ ಕೊಲ್ಕತ್ತದ ಬಂದರಿನಲ್ಲಿ ಇಳಿದು, ಬಿಹಾರ ದಾಟಿ, ರಕ್ಸೌಲ್ ಗಡಿಯಿಂದ ಬೀರ್‌ಗಂಜ್ ಸೇರಬೇಕು. 2015ರ ಏಪ್ರಿಲ್‌ನಲ್ಲಿ ಅಲ್ಲಿ ಭೂಕಂಪವಾಯಿತು. ಸೆಪ್ಟೆಂಬರ್‌ನಲ್ಲಿ ಹೊಸ ಸಂವಿಧಾನ ಬಂತು, ಅದನ್ನು ವಿರೋಧಿಸಿ ತರಾಯಿಯ ಮಧೇಸಿ ಜನ ಚಳವಳಿಗೆ ಇಳಿದರು, ಗಡಿಯಲ್ಲಿ ಲಾರಿಗಳು ನಿಂತವು. ಭಾರತವೇ ಬಾಗಿಲು ಹಾಕಿತು ಎಂದು ನೇಪಾಳ ಹೇಳಿತು. ಅಲ್ಲ, ಅದು ಅವರ ಒಳಗಿನ ಗಲಾಟೆ ಎಂದು ಭಾರತ ಹೇಳಿತು. ಯಾರ ಮಾತು ಎಷ್ಟು ನಿಜವೋ, 2016ರ ಫೆಬ್ರವರಿಯವರೆಗೆ ಅಲ್ಲಿಯ ಜನ ಪೆಟ್ರೋಲು, ಅಡುಗೆ ಗ್ಯಾಸು, ಔಷಧಿ ಇಲ್ಲದೆ ಚಳಿಗಾಲ ಕಳೆದರು. ಆ 2016ರ ಪಟ್ಟಿಯಲ್ಲಿ ಭಾರತ ಅಲ್ಲಿಯವರೆಗಿನ ತನ್ನ ಅತ್ಯುತ್ತಮ ಸ್ಥಾನವಾದ 35ಕ್ಕೆ ಏರಿತ್ತು.

ಪಟ್ಟಿ ಮಾಡಿದವರಿಗೂ ಇದು ಗೊತ್ತು. ಸಮುದ್ರವಿಲ್ಲದ ದೇಶಗಳ ಅಂಕದಲ್ಲಿ, ಪುಟ್ಟ ದ್ವೀಪಗಳ ಅಂಕದಲ್ಲಿ, ಆ ದೇಶದ ಹೊರಗಿನ ತೊಡಕೂ ಸೇರಿರಬಹುದೆಂದು ಅವರೇ ಬರೆಯುತ್ತಾರೆ. ಆದರೆ ಬರೆದ ಎಚ್ಚರಿಕೆ ಪುಸ್ತಕದೊಳಗೇ ಉಳಿಯುತ್ತದೆ, ನಂಬರು ಮಾತ್ರ ಊರೂರು ತಿರುಗುತ್ತದೆ. ನಾವು ಹೈಸ್ಕೂಲಿಗೆ ಹಳ್ಳ ದಾಟಿ ನಡೆದು ಹೋಗುತ್ತಿದ್ದೆವು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆ ದಿನ ಗೈರುಹಾಜರಿ. ಪರೀಕ್ಷೆಯಲ್ಲಿ ಪೇಟೆಯ ಹುಡುಗನಿಗೂ ನಮಗೂ ಒಂದೇ ಪ್ರಶ್ನೆಪತ್ರಿಕೆ, ಅದು ಸರಿಯೇ. ಆದರೆ ಅಂಕಪಟ್ಟಿಯಲ್ಲಿ ಹಳ್ಳದ ಹೆಸರು ಇರಲಿಲ್ಲ. ಅಂಕ ಸುಳ್ಳಾಗಿರಲಿಲ್ಲ, ನಾವು ಅಷ್ಟೇ ಬರೆದಿದ್ದೆವು. ಅದನ್ನು ನೋಡಿದವರು ಇವನು ದಡ್ಡ ಎಂದು ತೀರ್ಮಾನಿಸಿದರಲ್ಲ, ಸುಳ್ಳು ಇದ್ದದ್ದು ಆ ತೀರ್ಮಾನದಲ್ಲಿ. ಸೇತುವೆ ಕಟ್ಟಿಸಬೇಕಾದವನಿಗೆ ಯಾರೂ ಅಂಕ ಕೊಡಲಿಲ್ಲ.

ಎರಡನೆಯ ಪ್ರಶ್ನೆ, ಸರಕಿನ ಸುಖ ಮಾತ್ರ ಅಳೆದರೆ ಸಾಕೆ? 2020ರಲ್ಲಿ ಕೊರೋನಾ ಬಂದಾಗ ದೇಶದೇಶಗಳು ಬಂದರಿನಲ್ಲಿ ಸರಕು ಇಳಿಸಿಕೊಂಡವು, ನಾವಿಕರನ್ನು ಇಳಿಸಿಕೊಳ್ಳಲಿಲ್ಲ. ಆ ವರ್ಷದ ಕೊನೆಯ ಹೊತ್ತಿಗೆ ಸುಮಾರು 4,00,000 ನಾವಿಕರು ಒಪ್ಪಂದದ ಅವಧಿ ಮುಗಿದರೂ ಮನೆಗೆ ಹೋಗಲಾಗದೆ ಹಡಗುಗಳಲ್ಲೇ ಸಿಕ್ಕಿಕೊಂಡಿದ್ದರು. ಅವರಲ್ಲಿ ನಮ್ಮ ದೇಶದವರೂ ಇದ್ದರು. ಪೆಟ್ಟಿಗೆ ಬಿಡುಗಡೆಯಾಯಿತು, ಪೆಟ್ಟಿಗೆ ತಂದವನು ಬಂಧಿಯಾದ. ಆರು ಪ್ರಶ್ನೆಗಳಲ್ಲಿ ಈ ನೋವು ಕೂರುವ ಜಾಗ ಯಾವುದು? ಹೇಳಿದ ಹೊತ್ತಿಗೆ ತಲಪಿತೆ ಎಂಬುದು ಸರಕಿನ ಮೇಲಿನ ಪ್ರಶ್ನೆ. ಮನುಷ್ಯ ಹೊತ್ತಿಗೆ ಸರಿಯಾಗಿ ಮನೆ ತಲಪಿದನೆ ಎಂದು ಆ ಪಟ್ಟಿ ಕೇಳುವುದಿಲ್ಲ.

2023ರ ವರದಿಯಲ್ಲಿ ಹೊಸತೊಂದು ಸೇರಿದೆ. ಹಡಗು, ಕಂಟೇನರು, ಪಾರ್ಸೆಲುಗಳ ಚಲನೆಯನ್ನು ಯಂತ್ರಗಳಿಂದ ಹಿಡಿದ ಲೆಕ್ಕವನ್ನೂ ಅಂಕಪಟ್ಟಿಯ ಪಕ್ಕದಲ್ಲಿ ಕೊಟ್ಟಿದ್ದಾರೆ. ಪೆಟ್ಟಿಗೆ ಬಂದರಿನಲ್ಲಿ ಎಷ್ಟು ದಿನ ಕೂತಿತ್ತು ಎಂದು ಅದು ಖಚಿತವಾಗಿ ಹೇಳುತ್ತದೆ. ಒಬ್ಬರ ಅಭಿಪ್ರಾಯಕ್ಕಿಂತ ಇದು ವಸ್ತುನಿಷ್ಠ ಎನ್ನುತ್ತಾರೆ, ನಿಜವೇ. ಆದರೆ ಪೆಟ್ಟಿಗೆ ಬೇಗ ಹೊರಟದ್ದು ಕ್ರೇನು ಚೆನ್ನಾಗಿದ್ದರಿಂದಲೋ, ಡ್ರೈವರು ಎರಡು ರಾತ್ರಿ ನಿದ್ದೆಗೆಟ್ಟಿದ್ದರಿಂದಲೋ, ಅದನ್ನು ಆ ಯಂತ್ರ ಹೇಳಲಾರದು.

ಮೂರನೆಯದು, ಅಳತೆ ಬಹುಮಾನವಾದಾಗ ಏನಾಗುತ್ತದೆ? ವಿಶ್ವಬ್ಯಾಂಕಿನದೇ ಇನ್ನೊಂದು ಪಟ್ಟಿ ಇತ್ತು. ಯಾವ ದೇಶದಲ್ಲಿ ವ್ಯಾಪಾರ ನಡೆಸುವುದು ಸುಲಭ ಎಂದು ಸಾಲು ಹಚ್ಚುತ್ತಿತ್ತು. ಅದರ 2018 ಮತ್ತು 2020ರ ಆವೃತ್ತಿಗಳಲ್ಲಿ ಚೀನಾ, ಸೌದಿ ಅರೇಬಿಯಾ ಮುಂತಾದ ದೇಶಗಳ ಅಂಕಿಗಳನ್ನು ತಿದ್ದಲಾಗಿತ್ತೆಂದು ಬಯಲಾಗಿ, 2021ರ ಸೆಪ್ಟೆಂಬರ್‌ನಲ್ಲಿ ಆ ಪಟ್ಟಿಯನ್ನೇ ನಿಲ್ಲಿಸಿದರು. ಸಾಗಣೆಯ ಪಟ್ಟಿಯ ಮೇಲೆ ನಾವು ಅಂಥ ಆರೋಪ ಹೊರಿಸುತ್ತಿಲ್ಲ. ಆದರೆ ಒಂದು ಪಾಠ ಇದೆ. ಸ್ಥಾನವೇ ಗುರಿಯಾದಾಗ ಎಲ್ಲರ ಕಣ್ಣು ರಸ್ತೆಯಿಂದ ಕಿತ್ತು ಪಟ್ಟಿಯ ಮೇಲೆ ನೆಡುತ್ತದೆ. ಭಾರತ 2014ರಲ್ಲಿ 54, 2016ರಲ್ಲಿ 35, 2018ರಲ್ಲಿ 44, 2023ರಲ್ಲಿ 38. ಈ ಏರಿಳಿತದ ಅಷ್ಟೂ ವರ್ಷ ಅಪ್ಪನ ಬೆನ್ನ ಮೇಲಿನ ಮೂಟೆ ಒಂದು ಸೇರೂ ಹಗುರಾಗಲಿಲ್ಲ.

ಹೊರುವವನ ಕಡೆಯಿಂದ ಅಳೆದದ್ದು ಇಲ್ಲವೇ ಇಲ್ಲ ಎಂದಲ್ಲ. 1967ರಲ್ಲೇ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಂದು ಶಿಫಾರಸು ಮಾಡಿತು: ಕೈಯಿಂದ ಸಾಗಿಸುವ ಭಾರ ವಯಸ್ಕ ಗಂಡಸಿಗೆ 55 ಕಿಲೊ ಮೀರಬಾರದು, ಹೆಂಗಸರಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕು. ಇದೂ ಸರಕು ಸಾಗಣೆಯ ಅಳತೆಯೇ. ಇಲ್ಲಿ ಪ್ರಶ್ನೆ ಹುಟ್ಟಿದ್ದು ಬೆನ್ನಿನಿಂದ. ಈ 55ನ್ನು ಯಾವ ದೇಶ ಎಷ್ಟು ಪಾಲಿಸುತ್ತಿದೆ ಎಂಬುದಕ್ಕೆ ಆ ಅಂಕಪಟ್ಟಿಯಲ್ಲಿ ಒಂದು ಕಾಲಂ ಯಾಕಿರಬಾರದು?

ನಾವು ಇದನ್ನೆಲ್ಲ ಅಪ್ಪನಿಗೆ ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ನನ್ನ ಕೇಳಿದ್ರೆ ನಾನೂ ಅಂಕ ಹಾಕ್ತಿದ್ದೆ ಬಿಡು." ಏನಂತ ಅಂದೆವು. ಬೆರಳು ಮಡಚುತ್ತ ಎಣಿಸಿದ. "ಚೀಲ ಎಷ್ಟು ಕಿಲೊ. ಕುಡಿಯೋ ನೀರು ಎಷ್ಟು ದೂರ. ಕಾಯೋ ಡ್ರೈವರು ಎಲ್ಲಿ ಮಲಗ್ತಾನೆ. ಜಾರಿ ಬಿದ್ರೆ ಆಸ್ಪತ್ರೆಗೆ ಯಾರು ಹೊತ್ಕಂಡೋಯ್ತಾರೆ. ಕೂಲಿ ಅವತ್ತೇ ಕೈಗೆ ಬರ್ತದಾ. ವಯಸ್ಸಾದ್ಮೇಲೆ ಏನು ಗತಿ."

ಎಣಿಸಿ ನೋಡಿದೆವು. ಅವನದೂ ಆರೇ ಪ್ರಶ್ನೆ. ಮುಂದಿನ ಸಲ ಪಟ್ಟಿ ಮಾಡುವವರು ಬಂದರೆ ಮಂಡಿಗೂ ಬರಲಿ, ಬೆಳಗಿನ ಜಾವ ನಾಲ್ಕಕ್ಕೆ ಬಂದರೆ ಅಪ್ಪ ಸಿಗುತ್ತಾನೆ.