ಅಪಘಾತದ ನಂತರ ಮತ್ತೆ ಕಾರು ಹತ್ತುವುದು

ಕಾರು ಅಪಘಾತದಲ್ಲಿ ಮೈಗೆ ಬಿದ್ದ ಪೆಟ್ಟು ಎಷ್ಟು ದೊಡ್ಡದೋ ಮನಸ್ಸಿಗೆ ಬಿದ್ದ ಪೆಟ್ಟೂ ಅಷ್ಟೇ ಇರಬೇಕೆಂಬ ಲೆಕ್ಕವಿಲ್ಲ. ಕಾಲು ಮುರಿದುಕೊಂಡವರು ಪ್ಲಾಸ್ಟರ್ ಬಿಚ್ಚಿಸಿದ ಕೆಲವೇ ವಾರಗಳಲ್ಲಿ ನಿಶ್ಚಿಂತೆಯಿಂದ ಸ್ಟೇರಿಂಗ್ ಹಿಡಿಯುವುದುಂಟು. ತರಚು ಗಾಯವೂ ಆಗದವರು ವರ್ಷ ಕಳೆದರೂ ಹೆದ್ದಾರಿಯ ಕಡೆ ತಲೆ ಹಾಕದಿರುವುದೂ ಉಂಟು. ಆ ಕ್ಷಣದಲ್ಲಿ ಸತ್ತೇ ಹೋದೆ ಅನಿಸಿತ್ತೇ, ಕಣ್ಣೆದುರು ಇನ್ನೊಬ್ಬರ ಜೀವ ಹೋಯಿತೇ, ನಜ್ಜುಗುಜ್ಜಾದ ಕಾರಿನೊಳಗೆ ಎಷ್ಟು ಹೊತ್ತು ಸಿಕ್ಕಿಕೊಂಡಿದ್ದರು, ಆಮೇಲೆ ಮನೆಯವರು ಹೇಗೆ ನಡೆದುಕೊಂಡರು ಎಂಬುದರ ಮೇಲೆ ಮನಸ್ಸಿನ ಗಾಯದ ಆಳ ಹೆಚ್ಚಾಗಿ ನಿಂತಿರುತ್ತದೆ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 4,43,366 ಜನ ಗಾಯಗೊಂಡರು ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಈ ಲೆಕ್ಕದಲ್ಲಿ ಮೂಳೆ ಮುರಿದವರಿದ್ದಾರೆ. ನಿದ್ದೆ ಕಳೆದುಕೊಂಡವರನ್ನು ಯಾರೂ ಎಣಿಸಿಲ್ಲ.

ಮೊದಲ ಕೆಲವು ವಾರ ಮನಸ್ಸು ತನ್ನ ಹಿಡಿತದಲ್ಲಿ ಇರುವುದಿಲ್ಲ. ಬ್ರೇಕಿನ ಕೀರಲು ಸದ್ದು, ಗಾಜು ಪುಡಿಯಾದ ಶಬ್ದ, ಪೆಟ್ರೋಲಿನ ವಾಸನೆ ಕರೆಯದೆ ಬಂದು ನಿಲ್ಲುತ್ತವೆ. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಎದೆ ಧಸಕ್ಕೆನ್ನುತ್ತದೆ. ನಡುರಾತ್ರಿ ಬೆವರಿ ಎದ್ದು ಕೂರುವುದು, ಸಣ್ಣ ಮಾತಿಗೂ ರೇಗುವುದು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಇವೆಲ್ಲ ಈ ಹಂತದಲ್ಲಿ ಕಾಯಿಲೆಯ ಲಕ್ಷಣಗಳಲ್ಲ. ಅಪಾಯದ ಗಂಟೆ ಬಾರಿಸುವ ಮೆದುಳಿನ ಭಾಗ, ಅಪಾಯ ಕಳೆದ ಮೇಲೂ ಕೆಲವು ದಿನ ಎಚ್ಚರವಾಗಿಯೇ ಇರುತ್ತದೆ. ಬಹುಪಾಲು ಜನರಲ್ಲಿ ಇದು ತಾನಾಗಿ ಇಳಿಯುತ್ತದೆ. ಆದರೆ ತಲೆಗೆ ಪೆಟ್ಟು ಬಿದ್ದಿದ್ದರೆ ಮರೆವು, ಸಿಡುಕು, ನಿದ್ರಾಹೀನತೆಗಳಿಗೆ ಆ ಪೆಟ್ಟೇ ಕಾರಣವಾಗಿರಬಹುದು. ಹಾಗಾಗಿ ಎಲ್ಲವನ್ನೂ ಹೆದರಿಕೆಯ ಖಾತೆಗೆ ಹಾಕುವ ಮುನ್ನ ವೈದ್ಯರಿಗೆ ತೋರಿಸಬೇಕು.

ಈ ದಿನಗಳಲ್ಲಿ ಸುತ್ತಲಿನವರು ಎರಡು ಬಗೆಯಲ್ಲಿ ತಪ್ಪುತ್ತಾರೆ. ‘ಗಂಡಾಂತರ ಕಳೀತು, ಜೀವ ಉಳೀತಲ್ಲ, ಇನ್ಯಾಕೆ ಯೋಚನೆ’ ಎಂದು ಬಾಯಿ ಮುಚ್ಚಿಸುವುದು ಒಂದು. ನೋಡಲು ಬಂದವರೆಲ್ಲ ‘ಹೇಗಾಯ್ತು, ಯಾರ ತಪ್ಪು’ ಎಂದು ಮೊದಲಿಂದ ಕೊನೆಯವರೆಗೆ ಹೇಳಿಸುವುದು ಇನ್ನೊಂದು. ಎರಡನೆಯದು ಒಳ್ಳೆಯ ಉದ್ದೇಶದ್ದೆಂದು ಕಂಡರೂ ಕಡಿಮೆ ಅಪಾಯದ್ದಲ್ಲ. ಆಸ್ಪತ್ರೆಗೆ ಸೇರಿದ ರಸ್ತೆ ಅಪಘಾತದ ಗಾಯಾಳುಗಳಲ್ಲಿ ಕೆಲವರನ್ನು ಕೂರಿಸಿಕೊಂಡು, ನಡೆದದ್ದನ್ನೆಲ್ಲ ಭಾವನೆಗಳ ಸಮೇತ ಒಮ್ಮೆ ಹೇಳಿಸುವ ಪ್ರಯೋಗ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ನಡೆದಿತ್ತು. ಮೂರು ವರ್ಷದ ನಂತರದ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಮೊದಲು ತೀವ್ರವಾಗಿ ಕಂಗೆಟ್ಟಿದ್ದವರಲ್ಲಿ, ಹೀಗೆ ಎಲ್ಲವನ್ನೂ ಹೇಳಿದವರು ಹಾಗೇ ಉಳಿದಿದ್ದರು. ಹಾಗೆ ಹೇಳದೆ ಇದ್ದವರು ಚೇತರಿಸಿಕೊಂಡಿದ್ದರು. ಹೇಳಬೇಕೆನಿಸಿದಾಗ ಕೇಳುವ ಕಿವಿ ಇದ್ದರೆ ಸಾಕು, ಕೆದಕುವ ಬಾಯಿ ಬೇಡ.

ಅದೇ ಆಕ್ಸ್‌ಫರ್ಡ್‌ನಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ಅಪಘಾತವಾದ ಆರು ಗಂಟೆಯೊಳಗೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರಿಗೆ, ನಡೆದದ್ದನ್ನು ಚುಟುಕಾಗಿ ನೆನೆಸಿಕೊಂಡ ಮೇಲೆ ಸುಮಾರು 20 ನಿಮಿಷ ‘ಟೆಟ್ರಿಸ್’ ಆಡಲು ಕೊಟ್ಟರು. ಮೇಲಿಂದ ಬೀಳುವ ಚೌಕಗಳನ್ನು ತಿರುಗಿಸಿ ಜೋಡಿಸುವ ಹಳೆಯ ವಿಡಿಯೊ ಆಟ ಅದು. 71 ಮಂದಿಯ ಈ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆಟ ಆಡಿದವರಿಗೆ ಮುಂದಿನ ಒಂದು ವಾರ ಆ ದೃಶ್ಯಗಳು ನುಗ್ಗಿ ಬರುವುದು ಬಹಳ ಕಡಿಮೆಯಾಗಿತ್ತು. ಕಣ್ಣು ಮತ್ತು ಕಲ್ಪನೆ ಬೇರೆ ಕೆಲಸದಲ್ಲಿ ತೊಡಗಿದ್ದರೆ ದೃಶ್ಯದ ನೆನಪು ಗಟ್ಟಿಯಾಗಿ ಅಚ್ಚೊತ್ತುವುದಿಲ್ಲ ಎಂಬುದು ಸಂಶೋಧಕರ ತರ್ಕ. ಸಣ್ಣ ಅಧ್ಯಯನವಾದ್ದರಿಂದ ಇದನ್ನೇ ಮದ್ದೆಂದು ನಂಬಿ ಕೂರುವಂತಿಲ್ಲ.

ನಿದ್ದೆಗಾಗಿ ರಾತ್ರಿ ಒಂದು ಪೆಗ್ ಹಾಕುವುದು, ಯಾರೋ ಕೊಟ್ಟ ನಿದ್ದೆ ಮಾತ್ರೆ ನುಂಗುವುದು ಈ ಹಂತದಲ್ಲೇ ಶುರುವಾಗುವ ಚಾಳಿಗಳು. ಆಘಾತದ ಮೊದಲ ತಿಂಗಳಲ್ಲಿ ನಿದ್ದೆ ಬರಿಸುವ ಬೆಂಜೊಡಯಾಜೆಪೀನ್ ಗುಂಪಿನ ಮಾತ್ರೆಗಳನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಅದರ ಬದಲು ಹೊತ್ತಿಗೆ ಸರಿಯಾಗಿ ಏಳುವುದು, ಹಗಲು ಮಲಗದಿರುವುದು, ಸಂಜೆಯ ಮೇಲೆ ಕಾಫಿ ಬಿಡುವುದು, ಡ್ಯಾಶ್‌ಕ್ಯಾಮ್ ಅಥವಾ ಸಿಸಿಟಿವಿ ದೃಶ್ಯವನ್ನು ಮತ್ತೆ ಮತ್ತೆ ನೋಡದಿರುವುದು ನೆರವಾಗುತ್ತವೆ.

ಒಂದು ತಿಂಗಳು ಕಳೆದರೂ ದುಃಸ್ವಪ್ನ, ನುಗ್ಗುವ ನೆನಪು, ಬೆಚ್ಚುವಿಕೆ, ಮಂಕುತನ ಇಳಿಯದೆ ದಿನದ ಕೆಲಸಕ್ಕೆ ಅಡ್ಡಿಯಾದರೆ ಅದು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಇರಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈ ಹೆಸರು ಸೇರಿದ್ದು 1980ರಲ್ಲಿ. ತೊಂದರೆ ಮಾತ್ರ ಬಹಳ ಹಳೆಯದು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಇದ್ದ ರೈಲು 1865ರ ಜೂನ್ 9ರಂದು ಇಂಗ್ಲೆಂಡಿನ ಸ್ಟೇಪಲ್‌ಹರ್ಸ್ಟ್‌ನಲ್ಲಿ ಹಳಿ ತಪ್ಪಿತು. ಅವರಿಗೆ ಹೇಳಿಕೊಳ್ಳುವಂಥ ಗಾಯವಾಗಲಿಲ್ಲ. ಟೋಪಿಯಲ್ಲಿ ನೀರು ತುಂಬಿ ತಂದು ಗಾಯಾಳುಗಳಿಗೆ ಕೊಟ್ಟರು. ಆದರೆ ಮುಂದೆ ರೈಲಿನಲ್ಲಿ ಕೂತಾಗೆಲ್ಲ ಇದ್ದಕ್ಕಿದ್ದಂತೆ ನಡುಕ ಹುಟ್ಟುತ್ತಿತ್ತು, ಸೀಟಿನ ಕೈಗಳನ್ನು ಗಟ್ಟಿಯಾಗಿ ಹಿಡಿದು ಬೆವರುತ್ತಿದ್ದರು. ಅವರು ಪ್ರಯಾಣ ಬಿಡಲಿಲ್ಲ, ಭಯವೂ ಅವರನ್ನು ಬಿಡಲಿಲ್ಲ. ಧೈರ್ಯ ಮಾಡಿ ಹೋಗಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ತಿಂಗಳ ನಂತರ ಭಯವನ್ನು ಬೆಳೆಸುವುದು ಮುಖ್ಯವಾಗಿ ತಪ್ಪಿಸಿಕೊಳ್ಳುವ ಅಭ್ಯಾಸ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅಪಘಾತ ಕಂಡವರು ಮೊದಲು ಆ ದಾರಿ ಬಿಟ್ಟು ರೈಲು ಹಿಡಿಯುತ್ತಾರೆ. ಆಮೇಲೆ ಊರೊಳಗೂ ಕಾರು ಬೇಡವೆನಿಸುತ್ತದೆ. ಕೊನೆಗೆ ಟಿವಿಯಲ್ಲಿ ಅಪಘಾತದ ಸುದ್ದಿ ಬಂದರೂ ಚಾನೆಲ್ ಬದಲಿಸುತ್ತಾರೆ. ಪ್ರತಿ ಸಲ ತಪ್ಪಿಸಿಕೊಂಡಾಗಲೂ ಆ ಗಳಿಗೆಗೆ ನಿರಾಳವೆನಿಸುತ್ತದೆ. ಆ ನಿರಾಳವೇ ‘ಹೋಗದೆ ಇದ್ದದ್ದಕ್ಕೆ ಬಚಾವಾದೆ’ ಎಂದು ಮನಸ್ಸಿಗೆ ಪಾಠ ಹೇಳುತ್ತದೆ. ಇದರ ಸೂಕ್ಷ್ಮ ರೂಪಗಳು ಕಾರಿನೊಳಗೇ ಕಾಣುತ್ತವೆ. ಪಕ್ಕದ ಸೀಟಿನಲ್ಲಿ ಕೂತವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ, ಕೈ ಬಾಗಿಲ ಮೇಲಿನ ಹಿಡಿಯನ್ನು ಬಿಡುವುದಿಲ್ಲ, ಕಣ್ಣು ಸ್ಪೀಡೋಮೀಟರ್ ಮೇಲೆ, ಬಾಯಲ್ಲಿ ‘ನಿಧಾನ, ನಿಧಾನ’. ಊರು ತಲುಪಿದ ಮೇಲೆ, ತಾನು ಹೀಗೆ ಕಾವಲು ಕೂತದ್ದರಿಂದಲೇ ಏನೂ ಆಗಲಿಲ್ಲ ಎಂದು ಮನಸ್ಸು ತೀರ್ಮಾನಿಸುತ್ತದೆ.

ಇದಕ್ಕೆ ಮನಶ್ಶಾಸ್ತ್ರಜ್ಞರು ಹೇಳುವ ದಾರಿ, ಭಯಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಟ್ಟು ಮೆಟ್ಟಿಲು ಮಾಡಿಕೊಳ್ಳುವುದು. ಮನೆ ಮುಂದೆ ನಿಂತ ಕಾರಿನಲ್ಲಿ ಸುಮ್ಮನೆ ಕೂರುವುದಕ್ಕೆ ಇಪ್ಪತ್ತು, ಎಂಜಿನ್ ಚಾಲೂ ಮಾಡಿ ಕೂರುವುದಕ್ಕೆ ಮೂವತ್ತು, ಭಾನುವಾರ ಬೆಳಗ್ಗೆ ಬಡಾವಣೆಯೊಳಗೆ ಒಂದು ಸುತ್ತಿಗೆ ನಲವತ್ತೈದು, ರಿಂಗ್ ರಸ್ತೆಗೆ ಅರವತ್ತು, ಲಾರಿಗಳ ನಡುವೆ ಹೆದ್ದಾರಿಗೆ ಎಂಬತ್ತು, ಅಪಘಾತವಾದ ಜಾಗವನ್ನು ದಾಟುವುದಕ್ಕೆ ತೊಂಬತ್ತೈದು. ಅಂಕಗಳು ಒಬ್ಬೊಬ್ಬರಿಗೂ ಬೇರೆ. ಒಂದೊಂದು ಮೆಟ್ಟಿಲಲ್ಲೂ ಭಯ ಏರಿ, ತಾನಾಗಿ ಇಳಿಯಲು ಶುರುವಾಗುವ ತನಕ ಇರಬೇಕು. ಭಯ ನೆತ್ತಿಗೇರಿದಾಗ ಇಳಿದು ಓಡಿದರೆ ಅದು ಮತ್ತಷ್ಟು ಗಟ್ಟಿಯಾಗುತ್ತದೆ. ವಾರಕ್ಕೊಮ್ಮೆ ಗಂಟೆಗಟ್ಟಲೆ ಹೋಗುವುದಕ್ಕಿಂತ ದಿನವೂ ಸ್ವಲ್ಪ ಹೊತ್ತು ಹೋಗುವುದು ಮೇಲು. ಕೈ ಹಿಡಿಯನ್ನು ಬಿಡಬೇಕು, ಕಾಲು ಸಡಿಲವಾಗಬೇಕು. ಹಳೆಯ ದೃಶ್ಯ ನುಗ್ಗಿದರೆ ಅಂದಿಗೂ ಇಂದಿಗೂ ಇರುವ ವ್ಯತ್ಯಾಸವನ್ನು ಮನಸ್ಸಿನಲ್ಲೇ ಎಣಿಸಬಹುದು: ಆಗ ಕತ್ತಲಿತ್ತು, ಈಗ ಹಗಲು, ಆ ಕಾರು ಗುಜರಿಗೆ ಹೋಯಿತು, ಇದು ಬೇರೆ, ಆ ತಿರುವು ಇಲ್ಲಿಲ್ಲ. ತಲೆಸುತ್ತು ಇರುವವರು, ಕೂತಲ್ಲೇ ಪರಿವೆ ತಪ್ಪಿದಂತಾಗುವವರು, ನಿದ್ದೆ ಬರಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರು ಒಪ್ಪುವ ತನಕ ಸ್ಟೇರಿಂಗ್ ಮುಟ್ಟಬಾರದು. ಪಕ್ಕದ ಸೀಟಿನ ಮೆಟ್ಟಿಲುಗಳನ್ನು ಹತ್ತಬಹುದು.

ಕಾರು ಓಡಿಸುತ್ತಿದ್ದವರ ಪಾಡು ಇನ್ನೂ ಕಠಿಣ, ಜೊತೆಯಲ್ಲಿದ್ದವರು ತೀರಿಕೊಂಡಿದ್ದರಂತೂ ಹೇಳುವುದೇ ಬೇಡ. ‘ಐದು ನಿಮಿಷ ತಡವಾಗಿ ಹೊರಟಿದ್ದರೆ’ ಎಂಬ ಯೋಚನೆ ಮುಗಿಯುವುದೇ ಇಲ್ಲ. ಮಹಜರು, ಹೇಳಿಕೆ, ಪರಿಹಾರದ ಮೊಕದ್ದಮೆ ಎಂದು ಅದೇ ಘಟನೆಯನ್ನು ಮತ್ತೆ ಮತ್ತೆ ಹೇಳಬೇಕು. ಠಾಣೆಯ ಮುಂದೆ ಅದೇ ಕಾರು ತುಕ್ಕು ಹಿಡಿಯುತ್ತಾ ನಿಂತಿರುತ್ತದೆ. ‘ನಿನ್ನ ತಪ್ಪಲ್ಲ’ ಎಂದು ಎಲ್ಲರೂ ಒಂದೇ ಉಸಿರಿನಲ್ಲಿ ಹೇಳಿದರೆ ಅವರಿಗೆ ನಂಬಿಕೆ ಬರುವುದಿಲ್ಲ. ತನ್ನ ಕೈಯಲ್ಲಿ ಎಷ್ಟಿತ್ತು, ರಸ್ತೆಯ, ಮಳೆಯ, ಎದುರಿನ ಚಾಲಕನ ಪಾಲು ಎಷ್ಟು ಎಂದು ಬಿಡಿಸಿ ನೋಡಲು ತರಬೇತಾದ ಆಪ್ತಸಮಾಲೋಚಕರು ಬೇಕು. ಠಾಣೆಗೆ, ವಿಚಾರಣೆಗೆ ಹೋಗುವ ದಿನ ಜೊತೆಗೊಬ್ಬರು ಇರಬೇಕು.

ಮಕ್ಕಳು ಬಾಯಿಬಿಟ್ಟು ಹೇಳುವುದು ಕಡಿಮೆ. ಆಟದ ಕಾರುಗಳನ್ನು ಮತ್ತೆ ಮತ್ತೆ ಡಿಕ್ಕಿ ಹೊಡೆಸುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಅಮ್ಮನ ಸೆರಗು ಬಿಡದಿರುವುದು ಅವರ ಭಾಷೆ. ಗದರಿಸಿದರೆ ಹೆಚ್ಚಾಗುತ್ತದೆ.

ಚಿಕಿತ್ಸೆಯಲ್ಲಿ ಮೊದಲ ಸ್ಥಾನ ಮಾತಿನದ್ದು: ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಅರಿವು-ನಡವಳಿಕೆ ಚಿಕಿತ್ಸೆ, ಕಣ್ಣಾಲಿಗಳ ಚಲನೆಯನ್ನು ಬಳಸುವ ಇಎಂಡಿಆರ್. ಹೊರಗಿನಿಂದ ನೋಡುವವರಿಗೆ ಎರಡನೆಯದು ಮಾಟದಂತೆ ಕಂಡರೂ ವಿಶ್ವ ಆರೋಗ್ಯ ಸಂಸ್ಥೆ ಅದನ್ನೂ ಶಿಫಾರಸು ಮಾಡಿದೆ. ಬೇಕಾದರೆ ಸರ್ಟ್ರಲೀನ್‌ನಂಥ ಔಷಧಗಳಿವೆ. ತಾಯತ ಕಟ್ಟಿಸಿ, ದೃಷ್ಟಿ ತೆಗೆಸಿ ಸಮಾಧಾನ ಕಂಡವರನ್ನು ಹೀಯಾಳಿಸಬೇಕಿಲ್ಲ, ಅಷ್ಟಕ್ಕೇ ನಿಲ್ಲದಿದ್ದರಾಯಿತು. ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಲಾಗದವರಿಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ತಿಂಗಳು ತುಂಬಲೆಂದು ಕಾಯಬಾರದು.

ಚೆನ್ನಾಗಿ ಚೇತರಿಸಿಕೊಂಡವರಲ್ಲೂ ಅಪಘಾತದ ದಿನ ಮರಳಿ ಬಂದಾಗ, ಕೋರ್ಟಿನಿಂದ ನೋಟಿಸ್ ಬಂದಾಗ, ಎದುರಿಗೆ ಯಾರದೋ ಕಾರು ಸರ್ರನೆ ಜಾರಿದಾಗ ಹಳೆಯ ನಡುಕ ಮರುಕಳಿಸಬಹುದು. ಆಗ ಮೊದಲಿಂದ ಶುರುಮಾಡಬೇಕಿಲ್ಲ. ಮೆಟ್ಟಿಲುಪಟ್ಟಿಯಲ್ಲಿ ಎರಡು ಮೆಟ್ಟಿಲು ಕೆಳಗಿಳಿದು ನಾಲ್ಕಾರು ದಿನ ಅಲ್ಲಿಯೇ ಅಭ್ಯಾಸ ಮಾಡಿದರೆ ಸಾಮಾನ್ಯವಾಗಿ ಹಿಂದಿನ ಸ್ಥಿತಿಗೆ ಬರಬಹುದು. ಎರಡು ವಾರವಾದರೂ ಇಳಿಯದಿದ್ದರೆ ಮೊದಲು ನೋಡಿದ ವೈದ್ಯರ ಬಳಿಗೇ ಹೋಗುವುದು ಒಳ್ಳೆಯದು. ನಡೆದದ್ದನ್ನೆಲ್ಲ ಹೊಸಬರ ಮುಂದೆ ಇನ್ನೊಮ್ಮೆ ಹೇಳುವ ಕಷ್ಟ ತಪ್ಪುತ್ತದೆ.